ಮಡಿಲಿನ ಕಾಯಿ

ಗಾಳಿ ಸೋಕಿತು, ನೀರು ಹಿಡಿಯಿತು ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ರೇಗುತ್ತದೆ. ಮಾಡಲು ಕೆಲಸವಿಲ್ಲದವರಿಗೆ ಇಂಥದ್ದೆಲ್ಲ ಕಾಣುತ್ತದೆ ಎಂದು ಎಷ್ಟೋ ಜನರ ಬಾಯಿ ಮುಚ್ಚಿಸಿದ್ದೇನೆ. ಈಗ ನೀವು ನನ್ನನ್ನೂ ಹಾಗೇ ಬೈದರೆ ಬೇಸರವಿಲ್ಲ. ನಡೆದದ್ದನ್ನಷ್ಟೇ ಬರೆಯುತ್ತೇನೆ.

ಮಗಳು ಸುಧಾಳ ಬಾಣಂತನಕ್ಕೆಂದು ಡಲ್ಲಾಸ್ ಹತ್ತಿರದ ಅಲೆನ್‌ಗೆ ಬಂದಿದ್ದೆ. ಅವಳಿಗೆ ಏಳು ತುಂಬಿತ್ತು. ಅದಕ್ಕೆ ಮೊದಲಿನ ಎರಡು ಬಸಿರು ಉಳಿದಿರಲಿಲ್ಲ. ಈ ಸಲ ಅವಳು ಕೆಮ್ಮಿದರೂ ನಾವು ಎದ್ದು ನಿಲ್ಲುತ್ತಿದ್ದೆವು. ಸೀಮಂತ ಮನೆಯಲ್ಲೇ ಸಾಕು ಎಂದೆ. ಅವಳ ಗೆಳತಿಯರು ಕೇಳಲಿಲ್ಲ. ಲಿಟಲ್ ಎಲ್ಮ್ ಊರು ದಾಟಿದರೆ ಒಂದು ಹಳೆಯ ಕೆರೆಯಿದೆ, ದಡದಲ್ಲಿ ಯಾವನೋ ಸಾಹುಕಾರ ಕಟ್ಟಿಸಿದ ಅರಮನೆ, ಬಾಡಿಗೆಗೆ ಕೊಡುತ್ತಾರೆ, ಫೋಟೋ ಚೆನ್ನಾಗಿ ಬರುತ್ತದೆ ಎಂದರು.

ಕೆರೆ ನನಗೆ ಹಿಡಿಸಲಿಲ್ಲ. ಕಂದು ನೀರು, ನೀರೊಳಗೆ ನಿಂತ ಒಣಮರಗಳು. ಅರಮನೆಯ ಹಿಂದಿನ ಕಲ್ಲಿನ ಮೆಟ್ಟಿಲು ಇಳಿಯುತ್ತ ಇಳಿಯುತ್ತ ನೀರಿನ ಕೆಳಗೆ ಹೋಗಿಬಿಟ್ಟಿತ್ತು.

"ಇದು ಕಟ್ಟಿಸಿದ ಕೆರೆ ಅತ್ತೆ," ಎಂದ ಅಳಿಯ ಗಿರೀಶ. "ಡ್ಯಾಮ್ ಹಾಕಿದಾಗ ಅರಮನೆ ತೋಟ, ಕೆಳಗಿನ ಊರು ಎಲ್ಲಾ ಮುಳುಗೋಯ್ತಂತೆ."

"ನಮ್ಮ ಊಟ ಮುಳುಗಿಲ್ಲ ತಾನೆ? ಬಡಿಸೋಕೆ ಹೇಳು."

ಮಧ್ಯಾಹ್ನ ಮಡಿಲು ತುಂಬಿದೆವು. ಕಾಯಿಯನ್ನು ಅಂಗಡಿಯಲ್ಲಿ ನಾನೇ ಆರಿಸಿ ತಂದಿದ್ದೆ. ಸೆರಗಿಗೆ ಹಾಕುವ ಮುಂಚೆ ಮತ್ತೊಮ್ಮೆ ಕಿವಿಯ ಹತ್ತಿರ ಅಲ್ಲಾಡಿಸಿದೆ. ನೀರು ಗುಳುಗುಳು ಎಂದಿತು. ಅಕ್ಕಿ, ಎಲೆಅಡಿಕೆ, ಕಾಯಿ ಎಲ್ಲ ಸೇರಿಸಿ ಅವಳ ಸೊಂಟಕ್ಕೆ ಗಂಟು ಕಟ್ಟಿದೆ.

ಸಂಜೆ ಎಲ್ಲರೂ ಪಾತ್ರೆ ಎತ್ತಿಡುವಾಗ ಸುಧಾ ಕಾಣಲಿಲ್ಲ. ಹಿಂದೆ ಹೋಗಿ ನೋಡಿದರೆ, ನೀರಿಗಿಂತ ಒಂದು ಮೆಟ್ಟಿಲು ಮೇಲೆ, ಮಡಿಲನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದಾಳೆ.

"ಏಳೇ, ಶೀತ ಆಗತ್ತೆ."

"ಇಲ್ಲೇ ಹಿತವಾಗಿದೆ ಅಮ್ಮ. ಎದ್ದು ಬರೋಕೆ ಮನಸ್ಸೇ ಬರ್ತಿಲ್ಲ."

ರಟ್ಟೆ ಹಿಡಿದು ಎಬ್ಬಿಸಿದೆ. ಸೀರೆಯ ಅಂಚು ಕೂಡ ನೆನೆದಿರಲಿಲ್ಲ.

ಮನೆಗೆ ಬಂದು ಗಂಟು ಬಿಚ್ಚಿದೆ. ಅಕ್ಕಿ ಒಣಗಿದ್ದು ಒಣಗಿದ ಹಾಗೇ ಇತ್ತು. ಕಾಯಿಯನ್ನು ಅಭ್ಯಾಸಬಲದಿಂದ ಅಲ್ಲಾಡಿಸಿದೆ. ಸದ್ದೇ ಇಲ್ಲ. ದೀಪದ ಕೆಳಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ಬಿರುಕಿಲ್ಲ, ಕಣ್ಣುಗಳು ಗಟ್ಟಿ. ಒಡೆದೆ. ಒಳಗೆ ಬೆಳ್ಳಗಿನ ಒಳ್ಳೆಯ ಹಸಿ ತಿರುಳು. ನೀರು ಒಂದು ತೊಟ್ಟೂ ಇರಲಿಲ್ಲ.

ಗಿರೀಶನನ್ನು ಕರೆದು, "ಇವಳನ್ನ ಈಗಲೇ ಆಸ್ಪತ್ರೆಗೆ ಕರ್ಕೊಂಡು ನಡಿ," ಎಂದೆ.

"ಯಾಕತ್ತೆ? ಆರಾಮಾಗೇ ಇದಾಳಲ್ಲ. ಅಪಾಯಿಂಟ್‌ಮೆಂಟ್ ಮುಂದಿನ ವಾರ ಇದೆ."

"ಕೇಳಬೇಡ. ಕಾರು ತೆಗಿ."

ಕಾಯಿಯ ವಿಷಯ ಹೇಳಿದ್ದರೆ ಅವನು ನಗುತ್ತಿದ್ದ. ಅವನ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಸ್ಕ್ಯಾನ್ ಮಾಡಿದ ಡಾಕ್ಟರಮ್ಮನ ಮುಖ ಇಳಿಯಿತು. ಮಗುವಿನ ಸುತ್ತ ಇರಬೇಕಾದ ನೀರು ಹೆಚ್ಚುಕಡಿಮೆ ಬತ್ತಿಹೋಗಿದೆ, ಕಾಯುವ ಹಾಗಿಲ್ಲ ಎಂದರು. ಆಪರೇಷನ್ ಮಾಡಿ ತೆಗೆದರು. ಅಂಗೈಯಗಲದ ಹೆಣ್ಣುಕೂಸು ಎಷ್ಟೋ ವಾರ ಗಾಜಿನ ಪೆಟ್ಟಿಗೆಯಲ್ಲಿತ್ತು. ಉಳಿಯಿತು. ಈಗ ಸ್ಕೂಲಿಗೆ ಹೋಗುತ್ತದೆ, ನಾನು ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ತಿರುಗಿ ಹೇಳುತ್ತದೆ.

ಬಸುರಿಯರಲ್ಲಿ ಹೀಗಾಗುವುದುಂಟು, ಕಾರಣ ಎಲ್ಲ ಸಲ ತಿಳಿಯುವುದಿಲ್ಲ ಎಂದರು ಡಾಕ್ಟರಮ್ಮ. ಒಪ್ಪಿದೆ. ಆದರೆ ಕಾಯಿಯ ನೀರು ಎಲ್ಲಿ ಹೋಯಿತು? ಆ ಕೆರೆ ಎರಡು ನೀರನ್ನೂ ಎಳೆದುಕೊಂಡಿತೋ, ಇಲ್ಲ ಆ ಕಾಯಿಯೇ ನನಗೆ ಹೇಳಿತೋ, ಇವತ್ತಿಗೂ ಗೊತ್ತಿಲ್ಲ. ಸುಧಾಳಿಗೆ ಇದನ್ನು ಹೇಳಿಲ್ಲ.

ಅಂಗಡಿಗೆ ಹೋದಾಗಲೆಲ್ಲ ಅವಳು, "ಅಲ್ಲಾಡಿಸಿ ತಗೋ ಅಮ್ಮ, ನೀರಿದ್ಯಾ ನೋಡು," ಎನ್ನುತ್ತಾಳೆ. ನಾನು ಕೇಳಿಸದವಳ ಹಾಗೆ ಕೈಗೆ ಸಿಕ್ಕಿದ ಕಾಯಿಯನ್ನು ಬುಟ್ಟಿಗೆ ಹಾಕುತ್ತೇನೆ.