ಬೆಲ್ಲದತ್ತೆಯ ಎರಡು ಕೈ

ನಮ್ಮ ಅತ್ತೆಯ ಎರಡು ಕೈಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಅವು ಒಬ್ಬಳವೇ ಎಂದು ಯಾರೂ ನಂಬುತ್ತಿರಲಿಲ್ಲ. ಎಡಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಗಂಡಸರ ಕೈಯಂತೆ ಒತ್ತಾದ ಕಪ್ಪು ಕೂದಲು. ಬಲಗೈ ಮಾತ್ರ ಒನಕೆಯ ನಡುವಿನಂತೆ ನುಣ್ಣಗೆ. ಅವಳು ಅಪ್ಪನ ಅಕ್ಕ. ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ನಮ್ಮ ಆಲೆಮನೆಯಲ್ಲೇ ತಲೆ ಹಣ್ಣು ಮಾಡಿಕೊಂಡಳು. ಕೊಪ್ಪರಿಗೆಯಿಂದ ಹಲಗೆಗೆ ಸುರಿದ ಪಾಕ ಆರುತ್ತಿದ್ದಂತೆ ಅದನ್ನು ಬಲಗೈಯಲ್ಲಿ ಬಳಿದು ಅಚ್ಚಿಗೆ ತುಂಬುವುದು ಅವಳ ಕೆಲಸ. ಮೊಣಕೈವರೆಗೆ ಮೆತ್ತಿಕೊಂಡ ಬೆಲ್ಲವನ್ನು ಸಂಜೆ ಕೂತು ಸುಲಿಯುವಳು. ಅದರ ಜೊತೆ ಕೂದಲೂ ಕಿತ್ತು ಬರುತ್ತಿತ್ತು. ಇಪ್ಪತ್ತು ವರ್ಷ ಹೀಗೇ ನಡೆದಿತ್ತು. ಊರಿನ ಮಕ್ಕಳಿಗೆಲ್ಲ ಅವಳು ಬೆಲ್ಲದತ್ತೆ.

ಯಾವ ಮಗು ಅಳುತ್ತಾ ಬಂದರೂ ಏಕೆ ಎಂದು ಕೇಳುವವಳಲ್ಲ. ಒಂದು ತುಂಡು ಬೆಲ್ಲ ಮುರಿದು ಕೊಟ್ಟು, "ಮೊದ್ಲು ಬಾಯಿಗೆ ಹಾಕ್ಕೊ, ಆಮೇಲೆ ಅಳು" ಅನ್ನುವಳು. ಆಮೇಲೆ ಅತ್ತ ಮಗುವನ್ನು ನಾನು ಕಂಡಿಲ್ಲ, ನನ್ನೊಬ್ಬಳನ್ನು ಬಿಟ್ಟು. ನಾನು ಹುಟ್ಟಿನಿಂದಲೇ ಪುಕ್ಕಲಿ. ಗುಡುಗಿಗೂ ಹೆದರಿಕೆ, ಗುಡುಗು ನಿಂತರೂ ಹೆದರಿಕೆ.

ಹದಿನಾರು ತುಂಬುವ ಹೊತ್ತಿಗೆ ನನ್ನ ಮೇಲ್ದುಟಿಯ ಮೇಲೆ ಕೂದಲು ಕಪ್ಪಾಗಿ ಮೂಡಿತು. ಆಗ ಯುದ್ಧದ ಕಾಲ. ಸಕ್ಕರೆ ರೇಷನ್ನಿನಲ್ಲಿ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ದೊಡ್ಡಬಳ್ಳಾಪುರದ ಸಂತೆಯಲ್ಲಿ ನಮ್ಮ ಬೆಲ್ಲಕ್ಕೆ ಜನ ಮುಗಿಬೀಳುತ್ತಿದ್ದರು. ಅಪ್ಪ ಅದೇ ಹುರುಪಿನಲ್ಲಿ ನನ್ನ ಮದುವೆಗೆ ಕೈಹಾಕಿದ. ಹೊಸಕೋಟೆ ಕಡೆಯಿಂದ ಬಂದ ಮೊದಲ ಗಂಡಿನವರಲ್ಲಿ ಒಬ್ಬ ಹೆಂಗಸು ಹೊಸ್ತಿಲು ದಾಟುವಾಗ ಎಲ್ಲರಿಗೂ ಕೇಳುವಂತೆ, "ಹೆಣ್ಣು ಲಕ್ಷಣವಾಗೈತೆ, ಮೀಸೆ ಒಂದು ಇಲ್ದಿದ್ರೆ" ಅಂದಳು. ಅವತ್ತಿನಿಂದ ನನ್ನ ಬೆರಳು ತುಟಿಯ ಮೇಲಿನಿಂದ ಇಳಿಯಲಿಲ್ಲ. ಊಟ ಮಾಡುವಾಗಲೂ ಎಡಗೈ ಅಲ್ಲೇ.

ಎರಡನೆಯ ಸಂಬಂಧ ರಾಜಘಟ್ಟದ್ದು. ಮೂರು ವಾರ ಬಿಟ್ಟು ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ನಾನು ಯಾರನ್ನೂ ಕೇಳದೆ ಅಣ್ಣನ ಬ್ಲೇಡು ತೆಗೆದುಕೊಂಡು ಹಿತ್ತಲಿಗೆ ಹೋಗಿ ಬೋಳಿಸಿಕೊಂಡುಬಿಟ್ಟೆ. ಅವತ್ತು ನುಣ್ಣಗಿತ್ತು. ನಾಲ್ಕನೆಯ ದಿನ ಬೆರಳಿಗೆ ಮುಳ್ಳಿನಂತೆ ಚುಚ್ಚಿತು. ಬೋಳಿಸಿದರೆ ಒಂದಕ್ಕೆರಡಾಗಿ ಬರುತ್ತದೆ ಎಂಬ ಮಾತು ಊರಲ್ಲಿ ಯಾರಿಗೆ ಗೊತ್ತಿರಲಿಲ್ಲ! ಅವ್ವ ತಲೆ ಚಚ್ಚಿಕೊಂಡಳು. "ಇನ್ನು ಅಪ್ಪನ ಪಕ್ಕ ನೀನೂ ಕೂತ್ಕೊ ಕಣೆ, ಕ್ಷೌರಕ್ಕೆ!" ನನಗೆ ನಿಜವಾಗಿಯೂ ಅಪ್ಪನ ಮೀಸೆಯೇ ಕಣ್ಣಿಗೆ ಕಟ್ಟಿತು.

ಅತ್ತೆ ನನ್ನನ್ನು ಕಬ್ಬು ಕಡಿದ ಗದ್ದೆಗೆ ಕರೆದುಕೊಂಡು ಹೋದಳು. ಕೊಯ್ದು ಉಳಿದ ಕೂಳೆಯ ಮೇಲೆ ನನ್ನ ಬರಿಗಾಲು ಇಡಿಸಿದಳು.

"ಚುಚ್ತಾ?"

"ಹೂಂ."

"ಕಬ್ಬು ದಪ್ಪ ಆಗೈತಾ? ಅದೇ ಕಬ್ಬು. ಕೊಯ್ದ ತುದಿ ಚುಚ್ತದೆ, ಅಷ್ಟೆಯ. ನಿನ್ನ ತುಟೀದೂ ಇದೇ ಕತೆ."

ಎದೆಯ ಭಾರ ಅರ್ಧ ಇಳಿಯಿತು. ಇನ್ನರ್ಧವನ್ನೂ ಇಳಿಸಿಕೊಳ್ಳೋಣವೆಂದು, "ಅತ್ತೆ, ನಿನ್ನ ಕೈದು ಹೋದ ಹಂಗೆ ಬೆಲ್ಲದಲ್ಲಿ ಬುಡಸಮೇತ ಕಿತ್ತರೆ ಮತ್ತೆ ಬರಲ್ಲ ಅಲ್ವಾ?" ಎಂದು ಕೇಳಿದೆ.

"ಬತ್ತದೆ," ಅಂದಳು. "ಕೂಳೆಯಿಂದ ಚಿಗುರೋ ಕಬ್ಬು ವರ್ಷವರ್ಷಕ್ಕೂ ಸಣ್ಣ ಆಗಲ್ವಾ, ಹಂಗೆ ಕಿತ್ತೂ ಕಿತ್ತೂ ಸಣ್ಣ ಆಯ್ತದೆ. ಬರೋದು ನಿಲ್ಲಲ್ಲ. ಆಲೆ ನಿಂತ ದಿನದಲ್ಲಿ ನೋಡು, ನನ್ನ ಬಲಗೈಲೂ ಬಂದಿರ್ತದೆ."

ಬರುವುದಿಲ್ಲ ಎಂಬ ಒಂದು ಮಾತಿಗಾಗಿ ನಾನು ಬಾಯಿಬಿಟ್ಟು ನಿಂತಿದ್ದೆ. ಸುಳ್ಳಾದರೂ ಹೇಳಬಾರದಿತ್ತೇ ಎಂದು ಸಿಟ್ಟೂ ಬಂತು.

ಕೀಳುವುದಕ್ಕೂ ಅವಳು ಒಪ್ಪಲಿಲ್ಲ. ಕೂದಲು ಎಳ್ಳಿನಷ್ಟಾದರೂ ಬೆಳೆಯದೆ ಪಾಕಕ್ಕೆ ಹಿಡಿತ ಸಿಗುವುದಿಲ್ಲವಂತೆ. ಹಾಗಾಗಿ ಯಾವುದು ಬರಬಾರದೆಂದು ಹೆದರುತ್ತಿದ್ದೆನೋ ಅದೇ ಬೇಗ ಬರಲಿ ಎಂದು ಕಾಯುವ ಗತಿ ನನಗೆ ಬಂತು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಮನೆಯೊಳಗೇ ಉಳಿದೆ. ದಿನಕ್ಕೆ ಹತ್ತು ಸಲ ಕನ್ನಡಿ ನೋಡಿದೆ. ಬೆಳೆದಿಲ್ಲ ಅನ್ನಿಸಿದರೆ ಭಯ, ಬೆಳೆದಿದೆ ಅನ್ನಿಸಿದರೂ ಭಯ. ಇನ್ನೂ ಎಂಟು ದಿನ ಇದೆ ಅನ್ನುವಾಗ ರಾಜಘಟ್ಟದಿಂದ ಆಳು ಬಂದ. ನಾಳೆಯೇ ಬರುತ್ತಾರಂತೆ.

ಬೆಳಗಾಗುತ್ತಲೇ ಅತ್ತೆಯ ಕಾಲು ಹಿಡಿದೆ. "ಅರ್ಧ ಬತ್ತದೆ, ಅರ್ಧ ಬರಲ್ಲ ಕಣವ್ವ" ಎಂದರೂ ಬಿಡಲಿಲ್ಲ. ಅವಳು ಸಣ್ಣ ಬಾಣಲೆಯಲ್ಲಿ ಬೆಲ್ಲ ಕರಗಿಸಿ, ನಿಂಬೆಹಣ್ಣು ಹಿಂಡಿ, ಕೆದಕುತ್ತಾ ಕೂತಳು. ಎಂದಿನಂತಾದರೆ ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉರುಳಿಸಿ, ಹದ ನೋಡಿ, ಆರಲು ಬಿಡುವಳು. ನಾನು ಬಿಟ್ಟರೆ ತಾನೆ! "ಆಯ್ತಾ ಅತ್ತೆ, ಇನ್ನೂ ಆಗಿಲ್ವಾ, ಅವರು ಬಂದ್ಬಿಡ್ತಾರೆ" ಎಂದು ತಲೆ ತಿಂದೆ. ಅವಳು ಪಾಕವನ್ನು ಮೊದಲು ತನ್ನ ಎಡಗೈಗೆ ಇಟ್ಟು ನೋಡಿದಳು. ಉಸಿರು ಒಳಗೆಳೆದ ಸದ್ದು ಕೇಳಿಸಿತು. "ಇನ್ನೂ ಬಿಸಿ ಐತೆ, ತಡಿ" ಎಂದು ಸೆರಗಿನೊಳಗೆ ಕೈ ಎಳೆದುಕೊಂಡಳು. ನಾನು ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬೆಚ್ಚಗಿನ ಪಾಕ ನನ್ನ ತುಟಿಯ ಮೇಲೆ ಬಿತ್ತು. ಎಳೆದಾಗ ಕಣ್ಣಲ್ಲಿ ನೀರು ಚಿಮ್ಮಿತು. ಅವಳು ಹೇಳಿದಂತೆಯೇ ಅರ್ಧ ಬಂತು, ಅರ್ಧ ಉಳಿಯಿತು. ತುಟಿ ಕೆಂಪಗೆ ಊದಿಕೊಂಡಿತು.

ಗಂಡಿನ ತಾಯಿ ನನ್ನನ್ನು ಹತ್ತಿರ ಕೂರಿಸಿಕೊಂಡು ಮೊದಲು ಕೇಳಿದ್ದೇ ಅದನ್ನು. "ತುಟಿ ಮೇಲೇನಾಯ್ತಮ್ಮ?"

"ಆಲೆಮನೇಲಿ ಪಾಕ ಸಿಡೀತು ತಾಯಿ," ಅಂದಳು ಅವ್ವ. ಬೆಲ್ಲ ಕಾಯಿಸುವ ಮನೆಯಲ್ಲಿ ಈ ಮಾತನ್ನು ಯಾರು ಅನುಮಾನಿಸುತ್ತಾರೆ? ಆಕೆ ತಲೆಯಾಡಿಸಿದಳು. ಗೆದ್ದೆ ಎಂದುಕೊಂಡೆ.

ಆಗ ಅಡುಗೆಮನೆಯ ಬಾಗಿಲಿಂದ ಅತ್ತೆಯ ದನಿ ಬಂತು. "ಸಿಡಿದದ್ದಲ್ಲ ತಾಯಿ. ಮಗೀಗೆ ಅಲ್ಲಿ ಕೂದಲು ಬತ್ತದೆ. ಬೆಳಿಗ್ಗೆ ನಾನೇ ಕಿತ್ತೆ. ಮತ್ತೆ ಬತ್ತದೆ. ಮದುವೆ ಆದ್ಮೇಲೂ ಬತ್ತದೆ. ಬೆಲ್ಲ, ನಿಂಬೆಹಣ್ಣು ಇದ್ರೆ ತೆಗೀಬೋದು."

ಅಪ್ಪ ತಲೆ ತಗ್ಗಿಸಿದ. ಅವ್ವ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಬಂದವರು ಮಜ್ಜಿಗೆ ಕುಡಿದು, ಹೇಳಿ ಕಳಿಸುತ್ತೇವೆ ಎಂದು ಎದ್ದು ಹೋದರು.

"ನನ್ನ ಬಾಳು ಹಾಳು ಮಾಡ್ದೆ" ಎಂದು ಅತ್ತೆಯ ಮೇಲೆ ಹರಿಹಾಯ್ದೆ. ಅವಳು ಬೆಲ್ಲದ ತುಂಡು ಮುಂದೆ ಹಿಡಿದಳು. ಕಿತ್ತು ಎಸೆದೆ. ಅದನ್ನು ಎತ್ತಿ, ಮಣ್ಣು ಊದಿ, ತನ್ನ ಬಾಯಿಗೇ ಹಾಕಿಕೊಂಡಳು.

"ಈ ಸುಳ್ಳಿಗೆ ಮೂರೇ ವಾರ ಆಯಸ್ಸು ಕಣವ್ವ. ಆಮೇಲೆ ಏನ್ ಮಾಡ್ತಿದ್ದೆ? ಗಂಡನ ಮನೇಲಿ ದಿನಾ ಎಲ್ಲರಿಗಿಂತ ಮುಂಚೆ ಎದ್ದು ತುಟಿ ಸವರಿ ನೋಡ್ಕಂತಾ ಬದುಕ್ತಿದ್ದಾ? ನೀನು ಮೊದಲೇ ಪುಕ್ಕಲಿ."

ಹನ್ನೊಂದು ದಿನ ರಾಜಘಟ್ಟದಿಂದ ಸುದ್ದಿ ಬರಲಿಲ್ಲ. ಅವ್ವ ಅತ್ತೆಯ ಜೊತೆ ಮಾತು ಬಿಟ್ಟಳು. ಗಾಡಿಯ ಸದ್ದು ಕೇಳಿದಾಗಲೆಲ್ಲ ಸೆರಗು ಬಾಯಿಗೆ ಎಳೆದುಕೊಂಡು ಕಿಟಕಿಗೆ ಓಡುತ್ತಿದ್ದೆ. ಹನ್ನೆರಡನೆಯ ದಿನ ಒಂದು ಗಾಡಿ ನಮ್ಮ ಬಾಗಿಲಲ್ಲೇ ನಿಂತಿತು. ಇಳಿದವಳು ಗಂಡಿನ ತಾಯಿ, ಒಬ್ಬಳೇ. ನಡುಮನೆಯಲ್ಲಿ ಕೂರದೆ ಸೀದಾ ಅಡುಗೆಮನೆಗೆ ಹೋಗಿ ಅತ್ತೆಯ ಎದುರು ಕೂತು, ಗಲ್ಲಕ್ಕೆ ಮುಚ್ಚಿದ್ದ ಸೆರಗು ಸರಿಸಿದಳು. ನಾಲ್ಕೈದು ಗಡುಸು ಕೂದಲು.

"ಬೆಲ್ಲ ಎಷ್ಟು, ನಿಂಬೆಹುಳಿ ಎಷ್ಟು ಹಾಕ್ತೀಯಕ್ಕ?" ಅಂದಳು. ಆಮೇಲೆ ಇದ್ದಕ್ಕಿದ್ದಂತೆ ನೆನಪಾದವಳ ಹಾಗೆ, "ನಮ್ಮ ಹುಡುಗಂಗೆ ಎಲ್ಲಾ ಹೇಳಿದೀನಿ. ಕೂದಲು ತಾನೆ, ಅಷ್ಟೇನಾ ಅಂದ" ಅಂದಳು.

ಮದುವೆಯಾಗಿ ನಾನು ಸೇರಿದ ಆ ಮನೆಯಲ್ಲಿ ತಿಂಗಳಿಗೊಂದು ಸಲ ಗಂಡನ ತಾಯಿಯೂ ನಾನೂ ಬಾಗಿಲು ಹಾಕಿಕೊಂಡು ಪಾಕ ಕಾಯಿಸಿದೆವು. ಕೂದಲು ಬರುತ್ತಲೇ ಇತ್ತು, ವರ್ಷ ಕಳೆದಂತೆ ತೆಳ್ಳಗಾಗಿ. ಹೆದರಿಕೆ ಪೂರ್ತಿ ಹೋಯಿತೆಂದರೆ ಸುಳ್ಳಾದೀತು. ಬೆಳಿಗ್ಗೆ ಎದ್ದು ತುಟಿ ಸವರಿ ನೋಡಿಕೊಳ್ಳುವ ಬಾಳಂತೂ ನನಗೆ ಬರಲಿಲ್ಲ.

ನನ್ನ ಎರಡನೆಯ ಬಾಣಂತನ ಮುಗಿದ ವರ್ಷ ಬೆಲ್ಲದತ್ತೆ ತೀರಿಕೊಂಡಳು. ಕಾಲಿನ ಶಕ್ತಿ ಹೋಗಿ ಒಂದು ವರ್ಷದಿಂದ ಆಲೆಮನೆಗೆ ಕಾಲಿಟ್ಟಿರಲಿಲ್ಲ. ಹೆಣಕ್ಕೆ ನೀರು ಹಾಕುವಾಗ ಕೈ ತೊಳೆದವಳು ನಾನು. ಬಲಗೈ ತುಂಬ ಎಳೆಯ ಕೂದಲು ಬಂದಿತ್ತು, ಅವಳು ಹೇಳಿದ ಹಾಗೇ. ಎಡಗೈ ತಿರುಗಿಸಿದೆ. ಒತ್ತಾದ ಕೂದಲ ನಡುವೆ, ಮಣಿಕಟ್ಟಿನ ಮೇಲೆ, ಹುಣಸೆಬೀಜದಷ್ಟು ಜಾಗ ಬೋಳಾಗಿ ಹೊಳೆಯುತ್ತಿತ್ತು.

"ಇದೇನವ್ವ?"

"ನಿನ್ನ ನೋಡೋಕೆ ಬಂದಿದ್ರಲ್ಲ, ಆವತ್ತು ಬೆಳಿಗ್ಗೆ ಸುಟ್ಕೊಂಡಿದ್ದು," ಅಂದಳು ಅವ್ವ. "ನಿಂಗೆ ಹೇಳ್ಬ್ಯಾಡ ಅಂದಿದ್ಲು. ಪುಕ್ಕಲಿ, ಇದಕ್ಕೂ ಹೆದರ್ತಾಳೆ ಅಂತ."

ಕಿತ್ತದ್ದು ಮತ್ತೆ ಬಂದೇ ಬರುತ್ತದೆ ಎಂದವಳ ಕೈಯಲ್ಲಿ, ನನ್ನ ಅವಸರ ಬಿದ್ದ ಆ ಜಾಗದಲ್ಲಿ ಮಾತ್ರ ಒಂದೆಳೆಯೂ ಬಂದಿರಲಿಲ್ಲ. ಹೊತ್ತಾಯಿತು ಎಂದು ಹೊರಗಿನಿಂದ ಗಂಡಸರು ಕೂಗುತ್ತಿದ್ದರು. ನಾನು ಆ ಕೈ ಬಿಡಲಿಲ್ಲ.