ಯಾರೂ ಓದದ ಮೂರನೆಯ ಸಾಲು

ಬಣ್ಣದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕಣಗಳ ಗಾತ್ರವನ್ನೂ ಅವುಗಳ ಜೀಟಾ ಪೊಟೆನ್ಶಿಯಲನ್ನೂ ಅಳೆಯುವ ಯಂತ್ರವನ್ನು ಹದಿನಾಲ್ಕು ವರ್ಷ ಐದು ತಿಂಗಳು ನಡೆಸಿದವಳು ಆಕೆ. ಕೆಲಸಗಾರರಿಗೆಲ್ಲ ಅವಳು ಕಣಕ್ಕ. ಹಾಜರಿ ಪುಸ್ತಕದಲ್ಲಿದ್ದ ಹೆಸರು ಅವಳ ಕಿವಿಗೇ ಅಪರೂಪವಾಗಿತ್ತು.

ನೀರಿನಲ್ಲಿ ತೇಲುವ ಬಿಳಿ ಪುಡಿಯ ಕಣಗಳು ಒಂದನ್ನೊಂದು ಎಷ್ಟು ಬಲವಾಗಿ ದೂರ ತಳ್ಳುತ್ತವೆ ಎಂಬುದನ್ನು ಜೀಟಾ ಅಂಕಿ ತಿಳಿಸುತ್ತದೆ. ಅದು ಋಣ ಮೂವತ್ತು ಮಿಲಿವೋಲ್ಟ್ ದಾಟಿದರೆ ಬಣ್ಣ ಡಬ್ಬಿಯಲ್ಲಿ ಹದವಾಗಿ ನಿಲ್ಲುತ್ತದೆ. ಸೊನ್ನೆಯ ಹತ್ತಿರ ಬಂದಷ್ಟೂ ಕಣಗಳು ಒಂದಕ್ಕೊಂದು ಅಂಟಿ ತಳ ಕಚ್ಚುತ್ತವೆ. ಹೆಬ್ಬೆರಳಿನಷ್ಟು ದೊಡ್ಡ ಪ್ಲಾಸ್ಟಿಕ್ ಕೋಶಕ್ಕೆ ದ್ರವ ತುಂಬಿ, ಗುಳ್ಳೆ ಉಳಿಯದಂತೆ ಉಗುರಿನಿಂದ ತಟ್ಟಿ, ಉಷ್ಣತೆ ಇಪ್ಪತ್ತೈದು ಡಿಗ್ರಿಗೆ ನಿಲ್ಲುವವರೆಗೆ ಕಣಕ್ಕ ಕೈಕಟ್ಟಿ ಕಾಯುತ್ತಿದ್ದಳು. ಮೂರು ಸಲದ ಅಂಕಿಗಳು ಹೊಂದದಿದ್ದರೆ ಮೂರನ್ನೂ ಚೆಲ್ಲಿ ಮೊದಲಿನಿಂದ ಶುರು.

"ನನ್ನ ಸೊಸೆ ಕಣ್ಣಿಗೆ ಕಾಣದ್ದನ್ನ ಅಳೀತಾಳೆ, ಕಣ್ಣೆದುರಿರೋ ಕಸ ಮಾತ್ರ ಕಾಣಲ್ಲ" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಆ ಮಾತಿನಲ್ಲಿ ಹೆಮ್ಮೆಯೇ ಹೆಚ್ಚು.

ಆ ವರ್ಷ ನಲವತ್ತು ಪೀಪಾಯಿ ಬಿಳಿ ಬಣ್ಣ ತಳ ಕಚ್ಚಿ ಕಲ್ಲಾಯಿತು. ಆರೋಪ ಬಂದದ್ದು ಕಡಗೋಲಣ್ಣನ ಮೇಲೆ. ಇಪ್ಪತ್ತಾರು ವರ್ಷ ತೊಟ್ಟಿಯ ಬಣ್ಣ ಕಲಕುವ ಯಂತ್ರ ನೋಡಿಕೊಂಡವನಿಗೆ ಜೊತೆಯವರು ಇಟ್ಟ ಹೆಸರದು. ಪೀಪಾಯಿ ತುಂಬುವವರೆಗೆ ಯಂತ್ರ ನಿಲ್ಲಿಸಬಾರದು. ಅವನು ನಿಲ್ಲಿಸಿದ್ದಾನೆ ಎಂಬುದು ಮೇಲಿನವರ ವಾದ. ಸಾಕ್ಷಿ ಯಾರೂ ಇರಲಿಲ್ಲ. ಇದ್ದದ್ದು ಕಣಕ್ಕನ ವರದಿ ಮಾತ್ರ: ಜೀಟಾ ಋಣ ನಲವತ್ತಮೂರು, ಗಾತ್ರ ಇನ್ನೂರ ಎಂಬತ್ತು ನ್ಯಾನೊಮೀಟರ್. ಪರೀಕ್ಷೆಯಲ್ಲಿ ಸರಿಯಿದ್ದ ಮಾಲು ಆಮೇಲೆ ಕೆಟ್ಟಿದ್ದರೆ ನಡುವೆ ಇದ್ದದ್ದು ಅವನ ಕೈ ತಾನೇ?

ಸೋಮವಾರದ ವಿಚಾರಣೆಯಲ್ಲಿ ಮೂವರು ಅಧಿಕಾರಿಗಳ ಮುಂದೆ ಕಡಗೋಲಣ್ಣ ನಿಂತೇ ಮಾತನಾಡಿದ. ಕುರ್ಚಿ ಇತ್ತು, ಕೂರು ಎಂದು ಯಾರೂ ಹೇಳಲಿಲ್ಲ.

"ನಾನು ನಿಲ್ಲಿಸಿಲ್ಲ ಸಾರ್. ಈ ಸಲದ ಮಾಲೇ ಬೇರೆ. ಕೈಗೆ ಸಿಡಿದದ್ದು ಒಣಗಿದ್ರೆ ಉಪ್ಪಿನ ಥರ ಪೊರೆ ಕಟ್ಟುತ್ತೆ. ಹಿಂದೆ ಯಾವತ್ತೂ ಹಾಗಾಗಿಲ್ಲ."

"ಉಪ್ಪು ಹುಳಿ ನೋಡೋಕೆ ಇದು ಅಡುಗೆಮನೆ ಅಲ್ಲಪ್ಪ" ಎಂದರು ವ್ಯವಸ್ಥಾಪಕರು. ಉಳಿದಿಬ್ಬರು ಅಧಿಕಾರಿಗಳು ನಕ್ಕರು. ಆಮೇಲೆ ವ್ಯವಸ್ಥಾಪಕರು ಕಣಕ್ಕನ ಕಡೆ ತಿರುಗಿ, "ನಿಮ್ಮ ವರದಿ ಸರಿಯಿದೆ ತಾನೇ?" ಎಂದು ಕೇಳಿದರು.

"ಸರಿಯಿದೆ ಸಾರ್" ಎಂದಳು ಆಕೆ, ಕಾಗದ ನೋಡುತ್ತ.

ವಿಚಾರಣೆಯ ಕೊಠಡಿಯಿಂದ ಆ ತೊಟ್ಟಿಗೆ ನೂರ ಹತ್ತು ಹೆಜ್ಜೆ. ತೀರ್ಪು ಕೊಡಲು ಕುಳಿತ ಮೂವರಲ್ಲಿ ಒಬ್ಬರೂ ಆ ದೂರ ನಡೆಯಲಿಲ್ಲ. ಒಬ್ಬನ ಇಪ್ಪತ್ತಾರು ವರ್ಷದ ದುಡಿಮೆಗಿಂತ ಅವರಿಗೆ ತಮ್ಮ ಪಾದರಕ್ಷೆಯ ಹೊಳಪು ಹೆಚ್ಚಾಯಿತು. ವಜಾ ಆದೇಶ ಶುಕ್ರವಾರ ಮಧ್ಯಾಹ್ನಕ್ಕೆ ಎಂದು ನಿಶ್ಚಯವಾಯಿತು.

ಬುಧವಾರ, ವರದಿಯನ್ನು ಕಡತಕ್ಕೆ ಸೇರಿಸುವಾಗ ಕಣಕ್ಕನ ಕಣ್ಣು ಮೂರನೆಯ ಸಾಲಿನ ಮೇಲೆ ನಿಂತಿತು. ದ್ರವದಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂಬ ಅಂಕಿ ಅದು. ಯಂತ್ರ ತಾನಾಗಿ ಮುದ್ರಿಸುತ್ತಿತ್ತು, ಓದುವವರಿರಲಿಲ್ಲ. ಸೊನ್ನೆ ಬಿಂದು ಸೊನ್ನೆ ಆರು. ಉಪ್ಪಿರುವ ನೀರಿನಲ್ಲಿ ಅದು ಎಷ್ಟೋ ಪಟ್ಟು ಹೆಚ್ಚಿರಬೇಕು. ಹಾಗಾದರೆ ಕಡಗೋಲಣ್ಣನ ಉಪ್ಪು ಎಲ್ಲಿ ಹೋಯಿತು?

ಗಟ್ಟಿ ಬಣ್ಣದ ಮೂಲಕ ಯಂತ್ರದ ಬೆಳಕು ಹಾಯುವುದಿಲ್ಲವಾದ್ದರಿಂದ ಒಂದು ಹನಿಯನ್ನು ಸಾವಿರ ಪಟ್ಟು ತೆಳುಮಾಡಬೇಕು. ಅವಳು ತೆಳುಮಾಡುತ್ತಿದ್ದದ್ದು ಉಪ್ಪಿಲ್ಲದ ಡಿಸ್ಟಿಲ್ಡ್ ನೀರಿನಿಂದ. ಕಣಗಳ ತಳ್ಳುವ ಬಲವನ್ನು ಕುಗ್ಗಿಸುವ ಉಪ್ಪು ತೊಳೆದುಹೋಗಿ, ಅಂಟಿದ ಕಣಗಳು ಬಿಡಿಸಿಕೊಂಡು, ತೊಟ್ಟಿಯಲ್ಲಿಲ್ಲದ ಆರೋಗ್ಯ ಕೋಶದೊಳಗೆ ಬಂದಿತ್ತು. ಯಂತ್ರ ಕೂರಿಸಲು ಬಂದವನು ಕಲಿಸಿದ ಕ್ರಮ ಅದು. ಹಳೆಯ ಪುಡಿಯಲ್ಲಿ ಉಪ್ಪಿರಲಿಲ್ಲ, ನಡೆದುಹೋಯಿತು. ಉಪ್ಪಿದ್ದ ಹೊಸ ಪುಡಿ ಬಂದು ತಿಂಗಳಷ್ಟೇ ಆಗಿತ್ತು. ಆದರೆ ಗೋಡೆಯ ಮೇಲಿದ್ದ ವಿಧಾನದ ಹಾಳೆಯ ಅಕ್ಷರ ಅವಳದು, ಕೆಳಗಿನ ಸಹಿಯೂ ಅವಳದೇ.

ಅವಳು ಉಳಿದ ಮಾದರಿಯನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಉಪ್ಪಿನ ಸಮೇತ ಮೇಲೆ ನಿಂತ ತಿಳಿಯನ್ನು ತೆಗೆದಳು. ಬಣ್ಣದ ಹನಿಯನ್ನು ಅದರಲ್ಲೇ ತೆಳುಮಾಡಿ ಕೋಶ ತುಂಬಿದಳು. ಮೂರು ಸಲವೂ ಋಣ ಹದಿನಾಲ್ಕು. ಗಾತ್ರ ಸಾವಿರದ ನೂರು. ಮೂರನೆಯ ಸಾಲು, ಎರಡು ಬಿಂದು ಒಂಬತ್ತು. ತೊಟ್ಟಿಯಲ್ಲಿದ್ದಾಗಲೇ ಆ ಮಾಲು ಕೆಟ್ಟಿತ್ತು.

ಸಂಜೆ ಅತ್ತೆ ಬಾಗಿಲಲ್ಲೇ ಕೇಳಿದರು: "ಏನೇ, ಮುಖ ಇಷ್ಟುದ್ದ ಮಾಡ್ಕೊಂಡು ಬಂದಿದೀಯ?"

ಅವಳು ಎಲ್ಲ ಹೇಳಿದಳು.

"ಅವನ ಮನೇಲಿ ಯಾರ್ಯಾರಿದಾರೆ?"

"ಗೊತ್ತಿಲ್ಲ ಅತ್ತೆ. ಹದಿನಾಲ್ಕು ವರ್ಷದಿಂದ ಬಾಟ್ಲಿ ತಂದು ಕೊಡ್ತಾನೆ. ಒಂದಿನವೂ ಕೇಳಿಲ್ಲ."

ಅತ್ತೆ ಅವಳ ಕೈಯಿಂದ ಚೀಲ ತೆಗೆದುಕೊಂಡರು. "ಮೊದ್ಲು ಬರಿ. ಊಟ ಆಮೇಲೆ ಮಾಡಿದ್ರಾಯ್ತು" ಎಂದರು.

ತಪ್ಪು ತನ್ನ ವಿಧಾನದ್ದು ಎಂದು ಅವಳು ಬರೆದುಕೊಟ್ಟ ಪತ್ರವನ್ನು ಗುರುವಾರ ಬೆಳಿಗ್ಗೆ ವ್ಯವಸ್ಥಾಪಕರು ಎರಡು ಸಲ ಓದಿದರು. "ತಪ್ಪು ಅನ್ನೋ ಪದ ಯಾಕಮ್ಮ? ವಿಧಾನದ ಸುಧಾರಣೆ ಅಂತ ಬರೀರಿ. ನಿಮಗೂ ತೊಂದರೆಯಿಲ್ಲ, ನಮಗೂ ಇಲ್ಲ."

"ಹಾಗೆ ಬರೆದ್ರೆ ಅವನು ಯಂತ್ರ ನಿಲ್ಲಿಸಿದ ಅನ್ನೋ ಮಾತು ಹಾಗೇ ಉಳಿಯುತ್ತೆ ಸಾರ್."

"ಅವನ ಚಿಂತೆ ನಿಮಗ್ಯಾಕೆ?"

"ಅವನ ಮೇಲೆ ಹೊರಿಸಿದ್ದು ನನ್ನ ಸಹಿ ಇರೋ ಕಾಗದ."

ಅವಳು ಒಂದಕ್ಷರವನ್ನೂ ಬದಲಿಸಲಿಲ್ಲ. ಶುಕ್ರವಾರ ಎರಡು ಆದೇಶಗಳು ಬಂದವು. ಕಡಗೋಲಣ್ಣ ನಿರ್ದೋಷಿ ಎಂದು ಒಂದು. ಕಣಕ್ಕನನ್ನು ಯಂತ್ರದಿಂದ ಬಿಡಿಸಿ ಗಾಜಿನ ಸಾಮಾನು ತೊಳೆಯುವ ಮೇಜಿಗೆ ಹಾಕಲಾಗಿದೆ ಎಂದು ಇನ್ನೊಂದು. ಪುಡಿ ಖರೀದಿಸಿದವರಿಗೂ ನಕ್ಕವರಿಗೂ ಯಾವ ಆದೇಶವೂ ಬರಲಿಲ್ಲ. ಇದನ್ನು ಮರೆಯತಕ್ಕದ್ದಲ್ಲ.

ಮುಂದಿನ ಸೋಮವಾರ ಕಡಗೋಲಣ್ಣ ಮಾದರಿಯ ಬಾಟಲಿ ಹಿಡಿದು ಬಂದ. ಯಂತ್ರದ ಮುಂದೆ ಹೊಸಬಳಿದ್ದಳು. ಅವನು ಅವಳನ್ನು ದಾಟಿ, ತೊಳೆಯುವ ಮೇಜಿನ ಬಳಿಗೆ ಬಂದು ನಿಂತ.

"ಅವತ್ತು ಒಂದ್ಸಲ ನನ್ನ ಮುಖ ನೋಡ್ಬೋದಿತ್ತು ಕಣಕ್ಕ."

"ನೋಡ್ಬೇಕಿತ್ತು ಅಣ್ಣ." ಅವಳು ಒದ್ದೆ ಕೈ ಒರೆಸಿಕೊಂಡು ಅವನನ್ನು ನೋಡಿದಳು. ಹುಬ್ಬಿನ ಮೇಲೆ ಬಿಳಿ ಬಣ್ಣದ ಸಣ್ಣ ಹನಿಯೊಂದು ಒಣಗಿತ್ತು. "ಮನೇಲಿ ಯಾರ್ಯಾರಿದೀರಿ?"

ಅವನು ಬಾಟಲಿಯನ್ನು ಮೇಜಿನ ಮೇಲಿಟ್ಟು, ಪಕ್ಕದ ಸ್ಟೂಲನ್ನು ಕಾಲಿನಿಂದ ಎಳೆದುಕೊಂಡು ಕೂತ.