ನೀಲವ್ವ ಸೊರಗಿದ್ದನ್ನು ನಾವು ದೇವಿಯ ಕೃಪೆ ಎಂದುಕೊಂಡೆವು

ನನ್ನ ಹೆಂಡತಿ ನೀಲವ್ವ ತೀರಿಕೊಂಡು ಬರುವ ಶ್ರಾವಣಕ್ಕೆ ಒಂದು ವರ್ಷ. ನಾವು ಸಂಪಗಾಂವದ ಒಕ್ಕಲುತನದವರು, ಸಿರಸಂಗಿ ಕಾಳಮ್ಮ ನಮ್ಮ ಮನೆದೇವರು. ನಡೆದದ್ದನ್ನು ಭಕ್ತರಿಗೆ ತಿಳಿಸಬೇಕೆನಿಸಿ ಬರೆಯುತ್ತಿದ್ದೇನೆ.

ನೀಲವ್ವನದು ಮೊದಲಿನಿಂದಲೂ ದಪ್ಪ ಮೈ. ಭಾರ ಇಳಿಯಲಿ ಎಂದು ಹರಕೆ ಹೊತ್ತು ಮಂಗಳವಾರ ಉಪವಾಸ ಹಿಡಿದಳು. ಐದಾರು ತಿಂಗಳಲ್ಲಿ ಬಹಳ ಇಳಿದಳು. ಓಣಿಯ ಹೆಂಗಸರು ಕರೆದು ಉಡಿ ತುಂಬಿದರು. "ಏನ್ರಿ ವೈನಿ, ಹೊಸಾ ಮದಲಗಿತ್ತಿ ಆಗೀರಲ್ಲ!" ಎಂದು ನಕ್ಕರು. ಮಲದಲ್ಲಿ ರಕ್ತ ಬೀಳುತ್ತಿದ್ದುದನ್ನು ಮೂಲವ್ಯಾಧಿ ಎಂದುಕೊಂಡು ಅವಳು ನನಗೂ ಹೇಳಲಿಲ್ಲ.

ಒಂದು ದಿನ ಹಿತ್ತಲಲ್ಲಿ ಬಿದ್ದಳು. ಬೆಳಗಾವಿಗೆ ಒಯ್ದೆವು.

"ಕರಳಿನ ಕ್ಯಾನ್ಸರ್ ಐತ್ರಿ, ಲಿವರಿಗೂ ಹರಡೇತಿ," ಎಂದರು ಡಾಕ್ಟರು. "ಮೈಭಾರ ಇದ್ದೋರಿಗೆ ಇದು ಬರೂದು ಹೆಚ್ಚು. ಹೊಟ್ಟಿ ದಪ್ಪ ಇದ್ರ ಗಡ್ಡಿ ಲಗೂನ ಕೈಗೆ ಹತ್ತಂಗಿಲ್ಲ. ಸೊರಗಿದ್ರ ಛಲೋ ಆತು ಅಂತೀರಿ. ಒಡಹುಟ್ಟಿದೋರನ್ನೂ ತೋರಸ್ರಿ."

ಕಾಳಮ್ಮನಲ್ಲಿ ಅವಳ ಜೀವ ಬೇಡಿಕೊಂಡೆ. ಮೂರನೆಯ ತಿಂಗಳು ಹೋದಳು. ಒಡಹುಟ್ಟಿದವರನ್ನು ತೋರಿಸಿ ಎಂದ ಡಾಕ್ಟರ ಮಾತು ನನ್ನ ನೆನಪಿನಿಂದಲೇ ಹೋಗಿತ್ತು.

ಕಾರ್ಯ ಮುಗಿದ ಮೇಲೆ ಅವಳ ಹರಕೆ ತೀರಿಸಲು ಸಿರಸಂಗಿಗೆ ಹೋದೆ. ಜೊತೆಗೆ ಅವಳ ತಂಗಿ ಶಾಂತವ್ವ ಬಂದಳು. ಅವಳದೂ ಅಕ್ಕನದೇ ಮೈಕಟ್ಟು. "ಅವ್ವಾ, ಮತ್ತೊಬ್ಬರನ್ನ ಒಯ್ಯಬ್ಯಾಡ," ಎಂದಷ್ಟೇ ಬೇಡಿದೆ. ಪೂಜಾರಿ ಶಾಂತವ್ವನ ಸೆರಗಿಗೆ ಕಾಯಿ ಹಾಕಿದರು. ಆ ಭಾರಕ್ಕೆ ಸೊಂಟದ ಸೀರೆ ಜಾರಿತು. ಹಿಡಿದುಕೊಂಡು ನಕ್ಕಳು.

"ಮಾಮಾ, ನಾನೂ ಮಂಗಳಾರ ಹಿಡದೇನಿ. ನೋಡ್ರಿ, ಸೀರೀನ ನಿಲ್ಲವಲ್ದು!"

ಡಾಕ್ಟರ ಮಾತು ಆಗ ನೆನಪಾಯಿತು. "ಶಾಂತಾ, ಹೊರಕಡಿಗೆ ಹೋದಾಗ ರಕ್ತ ಬೀಳತೈತೇನ?"

"ದೇವರ ಮುಂದ ಇದೆಂಥಾ ಮಾತ್ರಿ!" ಎಂದಳು. ಆಮೇಲೆ ತಲೆ ತಗ್ಗಿಸಿ, "ಒಮ್ಮೊಮ್ಮೆ," ಎಂದಳು.

ಊರಿಗೆ ಹೋಗಲಿಲ್ಲ. ಅಲ್ಲಿಂದಲೇ ಬೆಳಗಾವಿ ಬಸ್ಸು ಹತ್ತಿಸಿದೆ. ಬೈಲಹೊಂಗಲದವರೆಗೂ ಜಗಳವಾಡಿದಳು. ಮರುದಿನ ಕರುಳಿಗೆ ದುರ್ಬೀನು ಹಾಕಿ ನೋಡಿದರು. ಅದೇ ರೋಗ, ಆದರೆ ಕರುಳು ದಾಟಿರಲಿಲ್ಲ. ಆಪರೇಷನ್ ಆಯಿತು. "ಹೊತ್ತಿಗೆ ತಂದ್ರಿ," ಎಂದರು ಡಾಕ್ಟರು.

ತಂದವಳು ಕಾಳಮ್ಮ. ಇದರಲ್ಲಿ ನನಗೆ ಸಂಶಯವಿಲ್ಲ. ನೀಲವ್ವನನ್ನು ಏಕೆ ಉಳಿಸಲಿಲ್ಲ ಎಂದು ಕೇಳುವ ಶಕ್ತಿಯೂ ಇಲ್ಲ. ಅಳು ಇನ್ನೂ ಬಂದಿಲ್ಲ. ದಿನಾ ದೀಪ ಹಚ್ಚಿ ಕೈ ಮುಗಿಯುತ್ತೇನೆ.

ಮೊನ್ನೆ ಶಾಂತವ್ವ ಫೋನು ಮಾಡಿದ್ದಳು. "ಮಾಮಾ, ಅಕ್ಕನ ವರ್ಷದ ಕಾರ್ಯಕ್ಕ ಹೋಳಿಗಿ ನಾನ ಮಾಡಾಕಿ. ಬ್ಯಾರೇ ಯಾರಿಗೂ ಮಾಡಾಕ ಹೇಳಬ್ಯಾಡ್ರಿ."

"ಬಾರವ್ವ, ಮಾಡು," ಎಂದೆ.